ಅತ್ತೆಯ ಜೊತೆ ಹನಿಮೂನ್ ರೂಮು

ಮಾರ್ಚ್ ೩, ಬೆಳಿಗ್ಗೆ

ಅತ್ತೆ ಸ್ನಾನಕ್ಕೆ ಹೋಗಿದ್ದಾರೆ. ನಾನು ಕಿಟಕಿ ಕಡೆ ಮುಖ ಮಾಡಿ ಕೂತಿದ್ದೇನೆ. ತಿರುಗುವ ಹಾಗಿಲ್ಲ. ಬಾತ್‌ರೂಮಿಗೂ ಮಂಚಕ್ಕೂ ನಡುವೆ ಗೋಡೆಯೇ ಇಲ್ಲ, ಬರೀ ಗಾಜು. ಪರದೆ ಇಳಿಸುವ ಸ್ವಿಚ್ ಒತ್ತಿದರೆ ಟೀವಿ ಹತ್ತುತ್ತದೆ. ಪಂಚತಾರಾ ಹೋಟೆಲಂತೆ, ಪಂಚತಾರಾ!

"ಈ ಕಡೆ ತಿರುಗಬೇಡ ಕಣೇ!" ಒಳಗಿಂದ ಕೂಗು.

"ಇಲ್ಲ ಅತ್ತೆ, ಸಮುದ್ರ ನೋಡ್ತಿದ್ದೀನಿ."

ಸುಳ್ಳು. ಸಮುದ್ರವೂ ಇಲ್ಲ. 'ಸೀ ವ್ಯೂ' ಅಂದವರು ಕಿಟಕಿಯ ಮುಂದೆ ಹಸಿರು ಬಲೆ ಕಟ್ಟಿದ್ದಾರೆ. ರಿಪೇರಿ ನಡೆಯುತ್ತಿದೆ. ಬಲೆಯ ಸಂದಿಯಿಂದ ಪೇಂಟರೊಬ್ಬ ಇಣುಕಿ ಕೈ ಬೀಸಿದ. ಎದ್ದೆನೋ ಬಿದ್ದೆನೋ ಅಂತ ಕರ್ಟನ್ ಎಳೆದೆ.

ಮದುವೆಯಾಗಿ ಇಪ್ಪತ್ತೈದು ವರ್ಷ. ಆಗ ಹನಿಮೂನ್ ಆಗಲಿಲ್ಲ, ಇವರ ಆಫೀಸಿನಲ್ಲಿ ಆಡಿಟ್. ಈಗಲಾದರೂ ಅಂತ ಇವರೇ ಈ ಪರದೇಶದ ಹೋಟೆಲು ಬುಕ್ ಮಾಡಿದರು. ಹೊರಡುವ ಹೊತ್ತಿಗೆ ಮತ್ತೆ ಆಡಿಟ್. "ಅಮ್ಮನ್ನ ಕರ್ಕೊಂಡು ಹೋಗಿರು, ಹಿಂದೇನೇ ಬಂದ್ಬಿಡ್ತೀನಿ." ನಾದಿನಿಯ ಬಾಣಂತನಕ್ಕೆ ಹೋಗಲು ಮಾಡಿಸಿದ ಪಾಸ್‌ಪೋರ್ಟ್ ಅತ್ತೆಯ ಹತ್ತಿರ ಇತ್ತು. ನನ್ನ ಗ್ರಹಚಾರ!

ಹೀಗೆ, ನಿನ್ನೆ ರಾತ್ರಿ ಗುಲಾಬಿ ಎಸಳು ಉದುರಿಸಿದ ಮಂಚದ ಮೇಲೆ ಅತ್ತೆ ಮತ್ತು ನಾನು. ನಡುವೆ ಟವೆಲಿನಲ್ಲಿ ಮಾಡಿದ ಹಂಸಗಳ ಜೋಡಿ. ಅತ್ತೆ ಒಂದನ್ನು ಬಿಚ್ಚಿ ಕಾಲು ಒರೆಸಿಕೊಂಡರು.

ಮಾರ್ಚ್ ೪

ಏಸಿ ಸೋರುತ್ತಿದೆ. ಸರಿಯಾಗಿ ನನ್ನ ದಿಂಬಿನ ಮೇಲೆ. ಮ್ಯಾನೇಜರ್ ಬಂದ. ಎದೆಯ ಮೇಲೆ ಕೈಯಿಟ್ಟು, "ಐ ಅಂಡರ್‌ಸ್ಟ್ಯಾಂಡ್, ಮೇಡಂ" ಅಂದ. ಒಂದು ತಟ್ಟೆ ಹಣ್ಣು ಕಳಿಸಿದ. ಸೋರುವುದು ನಿಲ್ಲಲಿಲ್ಲ. ಮತ್ತೆ ಫೋನ್ ಮಾಡಿದೆ. ಮತ್ತೊಂದು ತಟ್ಟೆ ಹಣ್ಣು! ಹೋಟೆಲಿನವರು ಹಣ್ಣು ಕೊಡುವುದು ನಮಗೋ, ಏಸಿಗೋ?

ಬೇರೆ ರೂಮಿಲ್ಲವಂತೆ. ಈಜುಕೊಳ ಖಾಲಿ, ಟೈಲ್ಸ್ ಬದಲಾಯಿಸುತ್ತಿದ್ದಾರೆ. ಡ್ರಿಲ್ ಸದ್ದಿಗೆ ತಲೆ ಸಿಡಿಯುತ್ತಿದೆ. ಅದು ನಿಂತರೆ ಅತ್ತೆಯ ಗೊರಕೆ.

ಇವರ ಮೆಸೇಜ್: ನಾಳೆ ಖಂಡಿತ.

ಮಾರ್ಚ್ ೫

ಬರಲಿಲ್ಲ. ತಿಂಡಿ ಹೊತ್ತಿಗೆ ಫೋನ್.

"ಇನ್ನೊಂದೆರಡು ದಿನ ಕಣೇ. ಎಂಜಾಯ್ ಮಾಡು."

"ಯಾರ ಜೊತೆ?"

ಉತ್ತರ ಬರುವ ಮೊದಲೇ ಕಟ್ ಮಾಡಿದೆ. ರೂಮಿಗೆ ಬಂದು ಒದ್ದೆ ದಿಂಬು ತಬ್ಬಿಕೊಂಡು ಅತ್ತುಬಿಟ್ಟೆ. ಅತ್ತೆ ಹಿಂದೆಯೇ ಬಂದರು. ಶುರುವಾಯಿತು ಮಗನ ವಕಾಲತ್ತು, ಅಂದುಕೊಂಡೆ.

"ಅವನಿಗೆ ಬರೋಕೆ ಆಗಲ್ಲ ಅಂತಲ್ಲಮ್ಮ" ಅಂದರು. "ನೀನು ಕಾಯ್ತೀಯ ಅಂತ ಗೊತ್ತು ಅವನಿಗೆ."

ದಿಂಬಿನಿಂದ ಮುಖ ಎತ್ತಿದೆ.

"ನಾನೂ ಅವರಪ್ಪನಿಗೆ ಕಾದೆ. ರಿಟೈರ್ ಆಗಲಿ, ಊರೂರು ತಿರುಗೋಣ ಅಂತಿದ್ರು. ಕೊನೆಗೆ ನಾವಿಬ್ರೂ ಜೊತೇಲಿ ನೋಡಿದ್ದು ಆಸ್ಪತ್ರೆ ಒಂದೇ..." ಮೂಗು ಒರೆಸಿಕೊಂಡರು. "ಏಳು. ಸೂಟ್‌ಕೇಸಿಗೆ ಬಟ್ಟೆ ತುಂಬು."

"ಎಲ್ಲಿಗೆ ಅತ್ತೆ?"

"ಸಮುದ್ರ ಕಾಣೋ ಕಡೆಗೆ."

ಕೆಳಗೆ ಮ್ಯಾನೇಜರ್ ತಡೆದ. ದುಡ್ಡು ವಾಪಸ್ ಇಲ್ಲ, ರೂಮು ಹತ್ತನೇ ತಾರೀಕಿನವರೆಗೆ ನಿಮ್ಮ ಹೆಸರಲ್ಲೇ ಇರುತ್ತದೆ, ಅಂದ. ಅತ್ತೆ ನಗುನಗುತ್ತಲೇ ಅಪ್ಪಟ ಕನ್ನಡದಲ್ಲಿ, "ನೀನೇ ಮಲ್ಕೋಪ್ಪ ಅದರಲ್ಲಿ, ಕೊಡೆ ಹಿಡ್ಕೊಂಡು" ಅಂದರು.

ಅವನು ಬಗ್ಗಿ ಥ್ಯಾಂಕ್ಯೂ ಅಂದ.

ಮಾರ್ಚ್ ೯, ಸಂಜೆ

ಬರೆಯಲು ಪುರುಸೊತ್ತೇ ಇರಲಿಲ್ಲ. ಲಾಂಡ್ರಿಯೊಂದರ ಮೇಲಿನ ರೂಮು. ಲಿಫ್ಟಿಲ್ಲ, ಏಸಿಯಿಲ್ಲ. ಬಾತ್‌ರೂಮಿಗೆ ಬಾಗಿಲಿದೆ, ಚಿಲಕವಿದೆ! ಬೀದಿ ದಾಟಿದರೆ ನೀರು. ಅತ್ತೆ ದಿನವಿಡೀ ಮೊಣಕಾಲುದ್ದ ನೀರಲ್ಲಿ ನಿಂತಿರುತ್ತಾರೆ. ಕರೆದರೆ ಕಿವಿ ಕೇಳಿಸುವುದಿಲ್ಲ. ಫ್ಯಾನ್ ಸ್ಪೀಡಿಗೆ ಇಬ್ಬರಿಗೂ ದಿನಾ ಜಗಳ. ಆದರೂ ನಿನ್ನೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಾಕೆ ಅಂತ ಈಗ ನೆನಪಿಲ್ಲ.

ಈಗಷ್ಟೇ ಇವರ ಫೋನ್. ಹೋಟೆಲಿಗೆ ಬಂದು ನಿಂತಿದ್ದಾರೆ!

"ರೂಮಲ್ಲಿ ಯಾರೂ ಇಲ್ವಲ್ಲೇ! ಎಲ್ಲಿದ್ದೀರಾ ನೀವಿಬ್ರೂ?"

"ಸಮುದ್ರದ ಹತ್ರ."

"ಯಾವ ಕಡೆ? ಅಡ್ರೆಸ್ ಕಳಿಸು, ಬರ್ತೀನಿ."

ನಾಲಿಗೆ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ.

"ಇಲ್ಲಿ ಎರಡೇ ಹಾಸಿಗೆ ಇರೋದು. ಸುಸ್ತಾಗಿರ್ತೀರಿ, ಇವತ್ತು ಅಲ್ಲೇ ಇರಿ."

"ಒಬ್ಬನೇ ಏನೇ ಮಾಡಲಿ ಇಲ್ಲಿ?"

ಇಷ್ಟು ವರ್ಷ ಈ ಪ್ರಶ್ನೆ ಕೇಳುತ್ತಿದ್ದವಳು ನಾನು. ಅವರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಪಾಪ ಅನ್ನಿಸಿತು. ಖುಷಿಯೂ ಆಯಿತು, ಸುಳ್ಳೇಕೆ?

"ಆಮೇಲೆ ಮಾಡ್ತೀನಿ" ಅಂದೆ. ಯಾವಾಗ ಅಂತ ಹೇಳಲಿಲ್ಲ.

ಅಡ್ರೆಸ್ ಕಳಿಸುತ್ತೇನೆ... ನಾಳೆ. ಇವತ್ತಂತೂ ಇಲ್ಲ. ಅತ್ತೆ ಬೀದಿಯಲ್ಲಿ ನಿಂತು ಕೂಗುತ್ತಿದ್ದಾರೆ, "ಬಾರೇ ಬೇಗ, ನೀರು ಏರ್ತಾ ಇದೆ" ಅಂತ. ಸೀರೆ ಆಗಲೇ ಎತ್ತಿ ಕಟ್ಟಿಯಾಗಿದೆ. ಒಬ್ಬರನ್ನೇ ಬಿಟ್ಟರೆ ಇನ್ನೂ ಮುಂದೆ—