ಪಕ್ಕದ ಸೀಟಿನ ತುತ್ತು

ಇಸವಿ 2311, ಬಿಡುವುಮಾಸದ ನಾಲ್ಕನೆಯ ದಿನ
ಹುಬ್ಬಳ್ಳಿ

ವಿಮಾನದಲ್ಲಿ ಪುಕ್ಕಟೆ ಊಟ ನಿಂತುಹೋದ ಕಾಲದ ಹಿರಿಯರಿಗೆ ನೀಲಗಂಗಾಳ ನಮಸ್ಕಾರ.

ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದೇ ಬಿಡುವುಮಾಸ, ನೆಂಟರ ಮನೆಗೆ ಹೋಗಿಬರಲೆಂದೇ ಇಟ್ಟದ್ದು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ಹಳೆಯ ಧ್ವನಿಮುದ್ರಣಗಳಿಂದ ಕಲಿತವಳು ನಾನು. ಅವುಗಳಲ್ಲಿ ಅರ್ಧ ಜಗಳ, ಇನ್ನರ್ಧ ಅಡುಗೆ.

ಊಟ ನಿಂತು, ಚಹಾಕ್ಕೂ ದುಡ್ಡು ಕೇಳತೊಡಗಿದಾಗ ನೀವು ಗೊಣಗಿದ್ದು ನಮಗೆ ಗೊತ್ತು. ಗೊಣಗಲೇಬೇಕಿತ್ತು ಬಿಡಿ. ಆದರೆ ಆಮೇಲೆ ಮನೆಯಿಂದ ಡಬ್ಬಿ ಕಟ್ಟಿಕೊಂಡು ಹತ್ತಿದಿರಲ್ಲ, ಅದಕ್ಕೆ ನಿಮಗೆ ಕೈ ಮುಗಿಯಬೇಕು! ನಿಮ್ಮ ಕಾಲದಲ್ಲಿ ನಮ್ಮೂರಿನ ಶಾಂತವೀರಮ್ಮ ಎಂಬವರು, ತಿಂಡಿಯ ಗಾಡಿ ಬಂದಾಗ ಪಕ್ಕದ ಹುಡುಗಿ ಹಸಿವಿಲ್ಲವೆಂದು ಮುಖ ತಿರುಗಿಸಿದ್ದನ್ನು ಕಂಡರಂತೆ. "ಹಸಿವಿಲ್ಲಂದ್ರ ಹೊಟ್ಟಿ ಯಾಕ ಗುರ್ ಗುರ್ ಅನ್ನಾಕತ್ತೈತಿ? ನಾಚ್ಕೋಬ್ಯಾಡ, ತಿನ್ನು ನಮ್ಮವ್ವ" ಎಂದು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೈಗಿಟ್ಟೇಬಿಟ್ಟರು. ಈ ಕತೆ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಎಂಥ ಜನ ನೀವು!

ಅಲ್ಲಿಂದ ಬಂದದ್ದೇ ನಮ್ಮ ನೆರೆತುತ್ತು. ತೇಲುಬಂಡಿ, ಅಂದರೆ ರೆಕ್ಕೆಯಿಲ್ಲದೆ ಮೋಡದಡಿ ನಿಧಾನವಾಗಿ ಸಾಗುವ ನಮ್ಮ ವಾಹನ, ನೆಲ ಬಿಟ್ಟ ಕೂಡಲೆ ಎಲ್ಲರೂ ಡಬ್ಬಿ ತೆರೆಯುತ್ತಾರೆ. ಮೊದಲ ತುತ್ತು ಪಕ್ಕದವರಿಗೆ. ಅವರು ಬೇಡವೆನ್ನುವಂತಿಲ್ಲ, ಸುಮ್ಮನೆ ನುಂಗುವಂತೆಯೂ ಇಲ್ಲ. ರುಚಿ ಹೇಗಿದೆಯೆಂದು ಬಾಯಿಬಿಟ್ಟು ಹೇಳಲೇಬೇಕು. ಖಾರ ಹೆಚ್ಚಾಯಿತೆಂದು ಶುರುವಾದ ಮಾತು ಮದುವೆಯವರೆಗೆ ಹೋದದ್ದೂ ಉಂಟು. ಡಬ್ಬಿ ಮರೆತವರಿಗೆ ನಿಲ್ದಾಣದಲ್ಲಿ ಮರೆವಿನ ಕಟ್ಟೆಯಿದೆ. ಅಲ್ಲಿ ಕೂತರೆ ಹೋಗಿಬರುವವರು ಒಂದೊಂದು ಹಿಡಿ ಅವಲಕ್ಕಿ ಕೊಟ್ಟು, ಚೆನ್ನಾಗಿ ಬೈದು ಹೋಗುತ್ತಾರೆ.

ಈಗ ಸಂಕಟ ಬಂದಿದೆ. ನಾಡಿದ್ದಿನಿಂದ ಬಂಡಿಯವರೇ ಪುಕ್ಕಟೆ ಊಟ ಕೊಡುತ್ತಾರಂತೆ, ಮನೆಯ ಡಬ್ಬಿಗೆ ಪ್ರವೇಶವಿಲ್ಲವಂತೆ. ಯಾರು ಕೇಳಿದ್ದರು ಇವರನ್ನು!

ನನ್ನ ತಂಗಿ ಕಾಶವ್ವ ನನ್ನ ಜೊತೆ ಮಾತು ಬಿಟ್ಟು ವರ್ಷಗಳಾದವು. ಅವ್ವನ ಒರಳುಕಲ್ಲು ಯಾರಿಗೆ ಸೇರಬೇಕೆಂಬ ಜಗಳ. ಕಲ್ಲು ಮೂಲೆ ಸೇರಿದೆ, ನಾವು ಒಬ್ಬೊಬ್ಬರು ಒಂದೊಂದು ದಿಕ್ಕು. ಅವಳು ನಾಳೆಯ ಬಂಡಿಯಲ್ಲಿ ಕಡಲಾಚೆಯ ಊರಿಗೆ ಹೊರಟಿದ್ದಾಳೆ, ಅಲ್ಲೇ ನೆಲೆಸಲು. ಕಾಡಿ ಬೇಡಿ ಅವಳ ಪಕ್ಕದ ಸೀಟು ಗಿಟ್ಟಿಸಿದ್ದೇನೆ. ಮನೆಯ ಡಬ್ಬಿ ಒಯ್ಯಲು ನಾಳೆಯೇ ಕೊನೆಯ ದಿನ. ಅವಳ ದನಿ ಕೇಳದೆ ನನಗೆ ಸಾಕಾಗಿಹೋಗಿದೆ.

ಹಿರಿಯರೇ, ಮುಂದಿನ ಸಲ ವಿಮಾನ ಹತ್ತುವಾಗ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿಕೊಳ್ಳಿ. ಪಕ್ಕದವರು ಹಸಿವಿಲ್ಲವೆಂದರೆ ನಂಬಬೇಡಿ. ನೀವು ಅಲ್ಲಿ ಡಬ್ಬಿ ತೆರೆಯದಿದ್ದರೆ ಇಲ್ಲಿ ತಂಗಿಯ ಬಾಯಿ ಬಿಡಿಸಲು ನನಗೆ ದಾರಿಯೇ ಇರುವುದಿಲ್ಲ.

ಕಾಶವ್ವನಿಗೆ ಇಷ್ಟವೆಂದು ಬದನೆಕಾಯಿ ಎಣ್ಣೆಗಾಯಿ ಮಾಡಿಟ್ಟಿದ್ದೇನೆ. ಬೇಕೆಂದೇ ಉಪ್ಪು ಕಡಿಮೆ ಹಾಕಿದ್ದೇನೆ. ಬೈಯಲಿ.