ಫಿಲ್ಮಿನಲ್ಲಿ ಏನೂ ಇಲ್ಲ

ಸೆಪ್ಟೆಂಬರ್ 21, ಮಧ್ಯಾಹ್ನ
ಬೆಳಿಗ್ಗೆಯಿಂದ ಆಸ್ಪತ್ರೆಯಲ್ಲಿ ಇಪ್ಪತ್ತಮೂರು ಸ್ಕ್ಯಾನ್ ಫಿಲ್ಮ್ ಓದಿದೆ. ಅದರಲ್ಲಿ ಹದಿನಾಲ್ಕು ಮಂಡಿಯವು. ಊಟಕ್ಕೆ ತಣ್ಣನೆ ಅನ್ನ, ಕಿಮ್ಚಿ.
ತಮ್ಮ ದೋಸಿಕ್‌ನ ಫೋನ್. ತನ್ನ ಹೆಂಡತಿ ನಾಮ್‌ಹೀಯ ಎಂಆರ್‌ಐ ಕಳಿಸಿದ್ದಾನೆ. ಮೂರು ತಿಂಗಳಿಂದ ಎಡಮಂಡಿ ನೋವಂತೆ, ನೆಲಕ್ಕೆ ಕೂತರೆ ಏಳಲಾಗದಂತೆ. "ಹಬ್ಬದೊಳಗೆ ನೋಡಿ ಹೇಳ್ಬಿಡಣ್ಣ. ಅಮ್ಮಂಗೂ ಅವಳಿಗೂ ಮಧ್ಯೆ ನಾನು ಚಟ್ನಿ ಆಗ್ತಿದೀನಿ."
ನೋಡಿದೆ. ಲಿಗಮೆಂಟ್ ಸರಿ. ಮೂಳೆ ತುದಿಯ ಕಾರ್ಟಿಲೇಜ್ ನುಣುಪಾಗಿದೆ. ಕಾಫಿ ಆರುವುದರೊಳಗೆ ಮುಗಿಯಿತು. "ಏನೂ ಇಲ್ಲ ಕಣೋ" ಅಂದೆ.

ಸೆಪ್ಟೆಂಬರ್ 28, ಆಂಡೋಂಗ್, ಅಮ್ಮನ ಮನೆ
ನಾಳೆ ಚುಸೋಕ್, ಸುಗ್ಗಿ ಹಬ್ಬ. ಹಿರಿಯರಿಗೆ ಎಡೆ. ನೆಲದ ಮೇಲೆ ಪೇಪರ್ ಹಾಸಿ, ಕಾವಲಿ ಇಟ್ಟು, ಮೀನು, ಎಳೆಗುಂಬಳದ ಬಿಲ್ಲೆ ಮೊಟ್ಟೆಯಲ್ಲಿ ಅದ್ದಿ ಹುರಿಯಬೇಕು. ನನ್ನವಳು ತೀರಿಕೊಂಡ ಮೇಲೆ ಹಿರಿಸೊಸೆಯ ಕೆಲಸವೂ ನಾಮ್‌ಹೀಯ ತಲೆಗೇ. ಗಂಡಸರು ಚೆಸ್ಟ್‌ನಟ್ ಸಿಪ್ಪೆ ಸುಲಿದರೆ ಸಾಕು.
"ಅತ್ತೆ, ಮೇಜಿನ ಮೇಲಿಟ್ಟು ನಿಂತೇ ಹುರೀಲಾ?"
"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ! ನಿನ್ ಭಾವನೇ ನೋಡಿ ಏನೂ ಇಲ್ಲ ಅಂದಿಲ್ವಾ? ಹಬ್ಬ ಬಂದ್ರೆ ಸೊಸೇರಿಗೆ ಅಂತ್ಲೇ ಕೈಕಾಲಿಗೆ ಕಟ್ಟೋ ಸುಳ್ಳು ಪ್ಲಾಸ್ಟರ್ ಮಾರ್ತಾರಂತೆ, ಒಂದು ತರಿಸ್ಕೋ."
ಚಿಕ್ಕಮ್ಮಂದಿರು ನಕ್ಕರು. ನಾಮ್‌ಹೀ ನನ್ನ ಕಡೆ ನೋಡಿದಳು.
ಪ್ರತಿ ವರ್ಷ ವೈದ್ಯ ವಿದ್ಯಾರ್ಥಿಗಳಿಗೆ ನಾನೇ ಪಾಠ ಮಾಡುತ್ತೇನೆ — ಕಾರ್ಟಿಲೇಜಿನ ಬಿರುಕು, ಎದ್ದ ಪದರ ಎಷ್ಟೋ ಸಲ ಫಿಲ್ಮಿನಲ್ಲಿ ಕಾಣುವುದಿಲ್ಲ. ನೋವಿದ್ದರೆ ರೋಗಿಯನ್ನು ನಂಬಿ, ಚಿತ್ರವನ್ನಲ್ಲ ಎಂದು. ನೆನಪಿತ್ತು. ಒಮ್ಮೆ ಆಡಿದ ಮಾತನ್ನು ಎಲ್ಲರೆದುರು ಬದಲಿಸುವುದು ಬೇಡ ಅನ್ನಿಸಿತು.
"ಫಿಲ್ಮ್ ಕ್ಲೀನ್ ಇದೆ ಅಮ್ಮ" ಅಂದೆ.
ಅವಳು ಕೂತಳು. ಆರು ಗಂಟೆ ಹೊತ್ತು.

ನವೆಂಬರ್ 14
ಇಷ್ಟು ದಿನ ಬರೆಯಲಿಲ್ಲ.
ಬಸ್ಸಿಳಿಯುವಾಗ ನಾಮ್‌ಹೀಯ ಮಂಡಿ ಸಿಕ್ಕಿಹಾಕಿಕೊಂಡಿತು. ಮಡಚಲೂ ಆಗದು, ಚಾಚಲೂ ಆಗದು. ಇವತ್ತು ಆಪರೇಷನ್. ಸರ್ಜನ್ ನನ್ನ ಸಹಪಾಠಿ. ಒಳಗೆ ಕ್ಯಾಮೆರಾ ಬಿಟ್ಟವನು ನನ್ನನ್ನು ಕರೆದ. ಹೆಬ್ಬೆರಳ ಉಗುರಿನಷ್ಟು ಕಾರ್ಟಿಲೇಜ್ ಕಿತ್ತು ಜೋತಾಡುತ್ತಿದೆ. ಕೆಳಗೆ ಬರೀ ಮೂಳೆ.
"ಫಿಲ್ಮಲ್ಲಿ ನಂಗೂ ಕಾಣ್ತಿರ್ಲಿಲ್ಲ ಬಿಡು" ಅಂದ. ಇನ್ನೊಮ್ಮೆ ಪರದೆ ನೋಡಿ, "ಮೊದ್ಲು ಇಷ್ಟಿರ್ಲಿಲ್ಲ ಅನ್ಸುತ್ತೆ. ನೆಲದ ಮೇಲೆ ಜಾಸ್ತಿ ಹೊತ್ತು ಕೂತಿದ್ರಾ?"
ಗೊತ್ತಿಲ್ಲ ಅಂದೆ. ಇನ್ನೊಂದು ಸುಳ್ಳು.

ನವೆಂಬರ್ 15
ಪೇರ್ ಹಣ್ಣು ತೆಗೆದುಕೊಂಡು ವಾರ್ಡಿಗೆ ಹೋದೆ. ನಾಮ್‌ಹೀ ಏಳಲು ನೋಡಿದಳು. ಬೇಡಮ್ಮ ಅಂದೆ.
"ಭಾವ, ಕ್ಷಮಿಸಿ. ನನ್ನಿಂದ ನಿಮ್ಗೆ ಮುಜುಗರ ಆಯ್ತು."
ಅವಳು ಕ್ಷಮೆ ಕೇಳಿದಳು! ಆಮೇಲೆ, ಹಣ್ಣು ನೋಡುತ್ತಾ —
"ಆದ್ರೂ ಒಂದು ಸಮಾಧಾನ. ನೀವು ಏನೂ ಇಲ್ಲ ಅಂದ್ಮೇಲೆ ನಂಗೇ ಅನುಮಾನ ಬಂದಿತ್ತು... ನಾನೇ ನಾಟಕ ಆಡ್ತಿದೀನೇನೋ ಅಂತ."
ನಾನು ಚಾಕು ತೆಗೆದು ಪೇರ್ ಹೆಚ್ಚಿದೆ. ನಾಚಿಕೆಯಾಗುತ್ತದೆ.

ಫೆಬ್ರವರಿ 9, ಬೆಳಿಗ್ಗೆ, ಅಮ್ಮನ ಮನೆ
ನಾಳೆ ಚಾಂದ್ರಮಾನ ಹೊಸವರ್ಷ. ಮತ್ತೆ ಎಡೆ, ಮತ್ತೆ ಕಾವಲಿ. ನಾನು ಪಕ್ಕದ ಕೋಣೆಯಲ್ಲಿದ್ದೇನೆ, ಬಾಗಿಲು ತೆರೆದೇ ಇದೆ. ನಾಮ್‌ಹೀ ಕೋಲೂರಿ ಬಂದಿದ್ದಾಳೆ. ಅಮ್ಮ ಚಿಕ್ಕಮ್ಮನಿಗೆ ಹೇಳುತ್ತಿದ್ದಾಳೆ — "ಫಿಲ್ಮಲ್ಲಿ ಇಲ್ಲದ್ದು ಎಲ್ಲಿಂದ ಬಂತು? ಹಟ ಹಿಡಿದು ಆಪರೇಷನ್ ಮಾಡಿಸ್ಕೊಂಡ್ಲು."
ದೋಸಿಕ್ ತಲೆ ತಗ್ಗಿಸಿ ಚೆಸ್ಟ್‌ನಟ್ ಸುಲಿಯುತ್ತಿದ್ದಾನೆ. ಅವನಿಗೂ ನಾನು ನಿಜ ಹೇಳಿಲ್ಲ. ಕಣ್ಣು ತಪ್ಪಿದ್ದಕ್ಕೆ ಕ್ಷಮೆ ಇದೆ. ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ?
"ಈಗ ಸರಿ ಮಾಡಿದಾರಲ್ಲ, ಬಾರೇ, ಕೂತ್ಕೋ" ಅಮ್ಮ ಕರೆಯುತ್ತಿದ್ದಾಳೆ. "ಬೇಕಾದ್ರೆ ನಿನ್ ಭಾವನ್ನೇ ಕೇಳು. ಅವತ್ತೂ ಅವನೇ ಹೇಳಿದ್ದು."
ನಾಮ್‌ಹೀ ನನ್ನನ್ನು ಕೇಳುತ್ತಿಲ್ಲ. ಈ ಕಡೆ ನೋಡಲೂ ಇಲ್ಲ. ಕೋಲು ಗೋಡೆಗೆ ಒರಗಿಸಿದಳು. ಒಂದು ಕೈ ನೆಲಕ್ಕೆ ಊರಿ ಬಗ್ಗುತ್ತಿದ್ದಾಳೆ. ಪೆನ್ನು ಇಲ್ಲಿಗೇ ಬಿಟ್ಟು ಏಳುತ್ತಿದ್ದೇನೆ.