ಸೆಕೆಂಡಿನ ಹತ್ತನೇ ಒಂದು ಪಾಲು

ಅಮಗಾಸಾಕಿ
ಅಕ್ಟೋಬರ್ 6, 2024

ಪ್ರಿಯ ಇಸಾವೊ ಅವರಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡುತ್ತಲೇ ಬರೆದವರು ಯಾರೆಂದು ನಿಮಗೆ ತಿಳಿದಿರುತ್ತದೆ. ಆದರೂ ಒಡೆದು ಓದುತ್ತಿದ್ದೀರಿ ಎಂದರೆ ಅಷ್ಟಕ್ಕೇ ನನಗೆ ಧೈರ್ಯ. ನಮ್ಮ ಬೀದಿಯಲ್ಲಿ ಈಗ ಕಿನ್ಮೊಕುಸೆಯ್ ಹೂ ಬಿಟ್ಟಿದೆ. ಗಿಡ ಎಲ್ಲಿದೆಯೋ ಕಾಣಿಸುವುದಿಲ್ಲ, ಪರಿಮಳ ಮಾತ್ರ ಕಿಟಕಿಯಿಂದ ಬಂದು ಪಿಯಾನೊ ಪಕ್ಕದಲ್ಲಿ ಕೂತಿರುತ್ತದೆ. ಪಾಠಕ್ಕೆ ಬರುವ ಮಕ್ಕಳು ಮಧ್ಯದಲ್ಲಿ ಬೆರಳು ನಿಲ್ಲಿಸಿ ಮೂಗರಳಿಸುತ್ತಾರೆ. ನಾನೂ ಬೈಯುವುದಿಲ್ಲ.

ಮೂವತ್ತೈದು ವರ್ಷ ನಾವಿಬ್ಬರೂ ಬೇರೆ ಬೇರೆ ಊರಲ್ಲಿ ಬದುಕಿದೆವು. ವಿಚ್ಛೇದನದ ಕಾಗದವನ್ನು ನೀವು ಕೇಳಲಿಲ್ಲ, ನಾನೂ ಕಳಿಸಲಿಲ್ಲ. ಇಂದು ಬರೆಯುತ್ತಿರುವುದು ಅದಕ್ಕಲ್ಲ. ನಿಮ್ಮ ವಿಷಯದಲ್ಲಿ ನಾನೊಂದು ಸುಳ್ಳು ಹೇಳಿದ್ದೆ. ಅದು ನಿಮಗೆ ಗೊತ್ತಿಲ್ಲದೆ ಊರೂರು ಸುತ್ತಿ, ಈಗ ನನ್ನ ಮನೆಯ ಬಾಗಿಲಿಗೇ ಬಂದು ನಿಂತಿತು.

ಬಂದವಳ ಹೆಸರು ಹೊನೊಕಾ. ಇಪ್ಪತ್ತಾರು ವರ್ಷ. ಸಾಕಾಯಿಯಲ್ಲಿ ತನ್ನ ಸೋದರಮಾವನ ಸೈಕಲ್ ಅಂಗಡಿಯ ಮಹಡಿಯಲ್ಲಿ ಕೂತು, ನಮ್ಮ ಕಾಲದ ವಿಡಿಯೊ ಗೇಮುಗಳಲ್ಲಿ ಕೇಳಿಸುತ್ತಿತ್ತಲ್ಲ, ಆ ಥರದ ಸಂಗೀತವನ್ನು ಹೊಸದಾಗಿ ಕಟ್ಟುತ್ತಾಳೆ. ಅವಳಂಥವರು ಈಗ ಪ್ರಪಂಚದ ತುಂಬ ಇದ್ದಾರಂತೆ. ರಾಗ ಕಟ್ಟುವುದು ಸುಲಭ, ಡ್ರಮ್ಮಿನ ಸದ್ದು ಸಿಗುವುದೇ ಕಷ್ಟ ಎನ್ನುತ್ತಾಳೆ. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಬೆವರೊರೆಸಿಕೊಳ್ಳುತ್ತ ಬಂದವಳು, ಚಹಾ ಮುಟ್ಟುವ ಮೊದಲೇ ‘ಮೋಡಗಳ ಬಂದರು’ ವಿಷಯ ತೆಗೆದಳು. ನಮ್ಮ ಪುಟ್ಟ ಕಂಪನಿ ಮಾಡಿದ, ನಾನು ಸಂಗೀತ ಕೊಟ್ಟ ಆ ಗೇಮಿನ ಹೆಸರನ್ನು ಮನೆಯೊಳಗೆ ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ.

“ಟೀಚರ್, ಇನ್ನೂರ ಹದಿನಾಲ್ಕು ಸಲ ಹೊಡೆದಿದ್ದೀನಿ,” ಎಂದಳು. “ದಪ್ಪ ಟವೆಲ್ಲು, ತೆಳು ಟವೆಲ್ಲು, ಪ್ಲಾಸ್ಟಿಕ್ ಬಕೆಟ್ಟು, ತಗಡಿನ ಬಕೆಟ್ಟು, ಒಂದನ್ನೂ ಬಿಟ್ಟಿಲ್ಲ. ‘ನಮ್ಮ ಮಹಡಿ ಮೇಲೊಂದು ದೆವ್ವ ಬಟ್ಟೆ ಒಗೀತಿದೆ’ ಅಂತ ನಮ್ಮ ಮಾವ ಗಿರಾಕಿಗಳಿಗೆಲ್ಲ ಹೇಳ್ಕೊಂಡು ನಗ್ತಾರೆ. ನಿಮ್ಮದು ಯಾವ ಬಕೆಟ್ಟು ಅಂತ ಒಂದು ಮಾತು ಹೇಳಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

ನಿಮಗೆ ಅರ್ಥವಾಗಲಿಕ್ಕಿಲ್ಲ. ಹೇಳುತ್ತೇನೆ. ನೀವು ಹೋದ ಎರಡು ವರ್ಷಕ್ಕೆ ಒಂದು ಪತ್ರಿಕೆಯವರು ಬಂದು, ಆ ಗೇಮಿನ ಡ್ರಮ್ಮಿನ ಸದ್ದು ಹೇಗೆ ಮಾಡಿದಿರಿ ಎಂದು ಕೇಳಿದರು. ಒದ್ದೆ ಟವೆಲ್ಲನ್ನು ಬಕೆಟ್ಟಿಗೆ ಬಡಿದೆವು ಎಂದುಬಿಟ್ಟೆ. ಅವರಿಗೆ ನಗು ಬಂತು, ಬರೆದುಕೊಂಡರು. ಅಂದಿನಿಂದ ಎಲ್ಲಿ ನೋಡಿದರೂ ಅದೇ ಕಥೆ. ಯಾರು ಯಾರೋ ಮಕ್ಕಳು ಯಾವ ಯಾವುದೋ ದೇಶದಲ್ಲಿ ಟವೆಲ್ ನೆನೆಸಿ ಬಕೆಟ್ಟಿಗೆ ಬಡಿಯುತ್ತಲೇ ಇದ್ದಾರೆ. ನಿಮ್ಮ ಹೆಸರು ಹೇಳಲು ನನಗೇನು ಅಡ್ಡಿಯಿತ್ತು? ಹೇಳಿದ್ದರೆ ‘ಅವರೀಗ ಎಲ್ಲಿದ್ದಾರೆ?’ ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು. ಮನೆ ಬಿಟ್ಟು ಹೋದರು ಎಂದು ನಾನೇ ಹೇಳಬೇಕಾಗುತ್ತಿತ್ತು. ಅಷ್ಟೇ ಕಾರಣ. ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನಿಮ್ಮನ್ನು ಬಕೆಟ್ ಮಾಡಿದೆ.

ಹೊನೊಕಾಳಿಗೂ ಅದನ್ನೇ ಹೇಳಿದೆ. ನೀಲಿ ಬಕೆಟ್ಟು, ಯಾವಾಗಲೋ ಒಡೆದುಹೋಯಿತು ಎಂದೆ. ಹುಡುಗಿ ಚಹಾ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮೆಲ್ಲಗೆ, “ಟೀಚರ್, ತಪ್ಪು ತಿಳೀಬೇಡಿ. ಆ ಸದ್ದನ್ನ ನಾನು ಸಾವಿರ ಸಲ ಕೇಳಿದ್ದೀನಿ. ಅದರ ತಳದಲ್ಲಿ ತಂತಿ ನಡುಗುತ್ತೆ. ಟವೆಲ್ಲಿಗೆ ತಂತಿ ಎಲ್ಲಿಂದ ಬರಬೇಕು?” ಎಂದಳು.

ಮೂವತ್ತಾರು ವರ್ಷದಲ್ಲಿ ಅದು ಕೇಳಿಸಿದ್ದು ಅವಳೊಬ್ಬಳಿಗೇ. ನಾನು ಎದ್ದು ಹೋಗಿ ಗೋಡೆಬೀರುವಿನ ಮೇಲಿನ ಖಾನೆಯಲ್ಲಿ, ಚಳಿಗಾಲದ ಹೊದಿಕೆಗಳ ಹಿಂದೆ ಕೈ ಹಾಕಿದೆ. ಆ ಸದ್ದು ಹಿಡಿದಿದ್ದ ಕ್ಯಾಸೆಟ್ಟು ಅಲ್ಲೇ ಇತ್ತು. ನಾಲ್ಕು ಮನೆ ಬದಲಾಯಿಸಿದ್ದೇನೆ, ನಾಲ್ಕರಲ್ಲೂ ಅದನ್ನು ಹೊದಿಕೆಗಳ ಹಿಂದೆಯೇ ಇಟ್ಟಿದ್ದೇನೆ.

ಆ ದಿನ ನಿಮಗೆ ನೆನಪಿದೆಯೋ ಇಲ್ಲವೋ. ಏಪ್ರಿಲ್ ತಿಂಗಳು, ಒಕುನೊ ಅಜ್ಜಿ ನಡೆಸುತ್ತಿದ್ದ ಸಾರ್ವಜನಿಕ ಸ್ನಾನದ ಮನೆಗೆ ವಾರದ ರಜೆ. ಗೇಮಿನ ಯಂತ್ರದಿಂದ ಬರುತ್ತಿದ್ದ ಡ್ರಮ್ ಎಂದರೆ ಸ್ಟೇಷನ್ ಸಿಗದ ರೇಡಿಯೊದ ‘ಸ್‌ಸ್‌’ ಸದ್ದು, ಅಷ್ಟೇ. ನನಗೆ ನಿಜವಾದ ಒಂದು ಏಟು ಬೇಕಿತ್ತು. ಪ್ರೋಗ್ರಾಂ ಬರೆಯುತ್ತಿದ್ದ ನಿಶಿವಾಕಿ, “ಸುಮಿಯೆ ಅವರೇ, ಸೆಕೆಂಡಿನ ಹತ್ತನೇ ಒಂದು ಪಾಲು ಹಿಡಿಸೋಷ್ಟು ಜಾಗ ಕೊಡ್ತೀನಿ. ಅದರ ಮೇಲೆ ಒಂದು ಕೂದಲೆಳೆ ಬೇಕು ಅಂದ್ರೂ ಮೂರನೇ ಹಂತದ ಮೋಡಗಳನ್ನ ಕಿತ್ತು ಬಿಸಾಕಬೇಕಾಗುತ್ತೆ,” ಎಂದಿದ್ದರು. ನೀವು ಅಡಿಯಲ್ಲಿ ತಂತಿ ಬಿಗಿದ ಆ ಸ್ನೇರ್ ಡ್ರಮ್ಮನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದಿರಿ. ಸದ್ದು ಹೆಂಗಸರ ಕಡೆಯ ಕೋಣೆಯಲ್ಲೇ ಚೆನ್ನಾಗಿ ಮೊಳಗುತ್ತದೆ ಎಂದು ಅಜ್ಜಿ ಹೇಳಿದಾಗ ಹೊಸ್ತಿಲಲ್ಲಿ ಹಿಂಜರಿದು ನಿಂತಿದ್ದಿರಿ.

“ಏನಯ್ಯಾ, ಒಳಗೆ ಯಾರೂ ಇಲ್ಲ. ಇದ್ದಿದ್ರೂ ನಿನ್ನ ಮುಖ ನೋಡಿ ಯಾರೂ ಹೆದರ್ತಿರಲಿಲ್ಲ, ಹೋಗು ಹೋಗು,” ಎಂದು ಅಜ್ಜಿ ನಿಮ್ಮನ್ನು ಪೊರಕೆಯಲ್ಲಿ ಒಳಕ್ಕೆ ತಳ್ಳಿದ್ದು ಕ್ಯಾಸೆಟ್ಟಿನಲ್ಲಿ ಹಾಗೇ ಇದೆ.

ನೀರಿಲ್ಲದ ತೊಟ್ಟಿಯ ನಡುವೆ ಸ್ಟೂಲು ಹಾಕಿಕೊಂಡು ಕೂತಿರಿ. ಮೇಲಿನ ಕಿಟಕಿಯಿಂದ ಬಿಸಿಲು ಹಂಚುಗಳ ಮೇಲೆ ಜಾರುತ್ತಿತ್ತು. ನೀವು ಬಾರಿಸಿದ ಒಂದೊಂದು ಏಟೂ ಗೋಡೆಯಿಂದ ಗೋಡೆಗೆ ಈಜಿ, ಮೇಲೇರಿ, ಬೆಳಕಿನಲ್ಲಿ ಕರಗುತ್ತಿತ್ತು. ಮುಕ್ಕಾಲು ಗಂಟೆ ಬಾರಿಸಿದಿರಿ. ಅದರಲ್ಲಿ ನಾನು ಆರಿಸಿಕೊಂಡದ್ದು ಒಂದೇ ಏಟು. ಅದರ ಬಾಲವನ್ನೂ ಕತ್ತರಿಸಿ, ತಲೆಯನ್ನಷ್ಟೇ ಇಟ್ಟುಕೊಂಡೆ. ಹಂಚು, ಬಿಸಿಲು, ಗೋಡೆ, ಎಲ್ಲ ಕತ್ತರಿಯ ಆಚೆಗೆ ಹೋದವು.

ಡಿಸೆಂಬರಿನಲ್ಲಿ ಗೇಮು ಬಂತು. ಊಟದ ನಂತರ ಕಿತ್ತಳೆ ಸುಲಿಯುತ್ತ ನೀವು ಟಿವಿಯ ಮುಂದೆ ಕೂತಿದ್ದಿರಿ. ಎರಡನೇ ಹಂತ ಮುಗಿದ ಮೇಲೆ, “ಇದರಲ್ಲಿ ನಾನೆಲ್ಲಿದ್ದೀನಿ?” ಎಂದು ಕೇಳಿದಿರಿ.

“ಅದೋ, ಆ ‘ಟಕ್’ ಅನ್ನೋದೇ ನೀವು,” ಎಂದೆ.

ನೀವು ಇನ್ನಷ್ಟು ಹೊತ್ತು ಕೇಳಿದಿರಿ. ಟಕ್. ಟಕ್. ಟಕ್. “ಇಪ್ಪತ್ತು ವರ್ಷದಲ್ಲಿ ನನ್ನ ಕೈ ಎರಡು ಸಲ ಒಂದೇ ಥರ ಹೊಡೆದಿಲ್ಲ ಕಣೇ,” ಎಂದಿರಿ. ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವರು ಯಾರನ್ನೋ ವಿಳಾಸ ಕೇಳುವ ದನಿ ಅದು.

ಆಗ ನಾನೇನು ಹೇಳಿದೆ ಎನ್ನುವುದನ್ನು ಬರೆಯದೆ ಬಿಟ್ಟರೆ ಈ ಪತ್ರಕ್ಕೆ ಅರ್ಥವಿಲ್ಲ. “ಒಳ್ಳೇದೇ ಆಯ್ತಲ್ಲ, ಇನ್ಮೇಲೆ ನಿಮಗೆ ಕೈ ನೋಯೋದೇ ಇಲ್ಲ,” ಎಂದು ನಕ್ಕೆ. ತಮಾಷೆಗೆ ಹೇಳಿದೆ. ಹೊಸ ವರ್ಷ ಕಳೆದು ಹತ್ತು ದಿನಕ್ಕೆ ನೀವು ಬಾರಿಸುತ್ತಿದ್ದ ಕ್ಯಾಬರೆಯ ಮ್ಯಾನೇಜರು, ಡ್ರಮ್ ಬಾರಿಸುವ ಒಂದು ಪೆಟ್ಟಿಗೆ ತರಿಸಿದ್ದೇವೆ, ನೀವಿನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳಿ ಕಳಿಸಿದರು. ನನ್ನದೇ ಮಾತು ಬೇರೆ ಬಾಯಿಂದ ಬಂದಿತ್ತು. ಆ ದಿನ ಮನೆಗೆ ಬಂದು ನೀವು ಕೋಲುಗಳನ್ನು ಕೊಡೆಗಳ ಜೊತೆ ನಿಲ್ಲಿಸಿದಿರಿ. ಚೆರ್ರಿ ಹೂ ಉದುರುವ ಹೊತ್ತಿಗೆ ಮೀನರೆದು ಬೇಯಿಸಿದ ಕಮಾಬೊಕೊ ಮಾರುವ ನಿಮ್ಮಣ್ಣನ ಅಂಗಡಿಗೆಂದು ಮಾಯಿಜುರು ರೈಲು ಹತ್ತಿದಿರಿ. ಹೋಗಬೇಡಿ ಎಂದು ನಾನು ಹೇಳಲಿಲ್ಲ. ಆ ವಾರ ಹೊಸ ಗೇಮಿನ ನಾಲ್ಕು ಹಾಡು ಮುಗಿಸಬೇಕಿತ್ತು.

ಕ್ಯಾಸೆಟ್ಟನ್ನು ಹಾಗೇ ಹಾಕಿದರೆ ಟೇಪು ತುಂಡಾಗುತ್ತದೆ ಎಂದು ಹೊನೊಕಾ ಅದನ್ನು ಬಿಚ್ಚಿ, ಒಣಗಿಸಿ, ಹೊಸ ಕ್ಯಾಸೆಟ್ ಡಬ್ಬಿಗೆ ಹಾಕಿ, ಬೆರಳಲ್ಲಿ ಒಂದೊಂದೇ ಸುತ್ತು ಸುತ್ತಿದಳು. ಒಂದು ಭಾನುವಾರ ಬೆಳಿಗ್ಗೆ ಅವಳ ಮಹಡಿಯಲ್ಲಿ ಕೂತು ಕೇಳಿದೆವು. ಮೊದಲು ನಲ್ಲಿ ತೊಟ್ಟಿಕ್ಕುವ ಸದ್ದು. ಆಮೇಲೆ ಅಜ್ಜಿಯ ಬೈಗುಳ. ಆಮೇಲೆ ನೀವು. ಆ ಏಟು, ನನ್ನ ಏಟು, ಹದಿನೇಳನೇ ನಿಮಿಷದಲ್ಲಿ ಬಂತು. ಹೊನೊಕಾ ಅದನ್ನು ಗುರುತು ಹಿಡಿದು ಬಾಯಿಗೆ ಕೈ ಒತ್ತಿಕೊಂಡಳು. ಈ ಸಲ ಕತ್ತರಿ ಬೀಳಲಿಲ್ಲ. ಸದ್ದು ಗೋಡೆ ಮುಟ್ಟಿತು, ಮರಳಿತು, ಮೇಲೇರಿತು, ಬಹಳ ಹೊತ್ತು ಅಲ್ಲೇ ತೇಲಿತು.

“ಇಷ್ಟುದ್ದ ಇತ್ತಾ ಇದು!” ಎಂದಳು ಹುಡುಗಿ. ಅವಳ ಕಣ್ಣಲ್ಲಿ ನೀರು.

ಅಂದು ಸ್ನಾನದ ಮನೆಯಲ್ಲಿ, ಸಾಕು ಎಂದು ನಿಮಗೆ ಹೇಳಿ ನಾನು ಚಹಾ ಲೋಟಗಳನ್ನು ಅಜ್ಜಿಗೆ ಕೊಡಲು ಹೋಗಿದ್ದೆ. ರೆಕಾರ್ಡರ್ ನಿಲ್ಲಿಸಲು ಮರೆತಿದ್ದೆ. ಆ ಕಡೆಯ ಭಾಗವನ್ನು ನಾನು ಯಾವತ್ತೂ ಕೇಳಿರಲಿಲ್ಲ, ಬೇಕಾದದ್ದು ಸಿಕ್ಕಿತ್ತಲ್ಲ. ಅಲ್ಲಿ ನೀವು ಕೋಲು ಕೆಳಗಿಟ್ಟು, ತಂತಿ ಕುಂಚಗಳನ್ನು ತೆಗೆದುಕೊಂಡಿದ್ದೀರಿ. ಹನ್ನೊಂದು ನಿಮಿಷ, ಒಬ್ಬರೇ, ನಿಮಗಾಗಿಯೇ ಬಾರಿಸಿದ್ದೀರಿ. ಚರ್ಮದ ಮೇಲೆ ಕುಂಚ ಸವರುವ ಸದ್ದು, ನಿದ್ದೆಯಲ್ಲಿರುವವರ ಉಸಿರಿನ ಹಾಗೆ. ನಡುವೆ ಎರಡು ಬೇಗ, ಒಂದು ನಿಧಾನ, ಎರಡು ಬೇಗ, ಒಂದು ನಿಧಾನ. ಬಾಗಿಲು ಸರಿದ ಸದ್ದಾಗುತ್ತದೆ. ಅಜ್ಜಿ ಇಣುಕಿ, “ಇದ್ಯಾವ ಹಾಡಯ್ಯಾ?” ಎಂದು ಕೇಳುತ್ತಾರೆ. ನೀವು ಬಾರಿಸುತ್ತಲೇ, “ಹಾಡಲ್ಲ ಅಜ್ಜೀ. ನಮ್ಮ ಸುಮಿಯೆ ಕೆಲಸ ಮುಗಿಸಿ ಮೆಟ್ಟಿಲು ಹತ್ತೋದು ಹೀಗೆ. ಎರಡು ಮೆಟ್ಟಿಲು ಓಡ್ತಾಳೆ, ಒಂದರಲ್ಲಿ ಸುಸ್ತಾಗಿ ನಿಲ್ತಾಳೆ. ಒಳಗೆ ಅನ್ನ ಮಾಡ್ತಾ ದಿನಾ ಕೇಳ್ತೀನಿ,” ಎನ್ನುತ್ತೀರಿ.

ಹೊನೊಕಾ ಯಂತ್ರ ನಿಲ್ಲಿಸಿ, ಸದ್ದಿಲ್ಲದೆ ಕೆಳಗಿಳಿದು ಮಾವನ ಅಂಗಡಿಗೆ ಹೋದಳು. ಕೆಳಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿ ನೋಡುತ್ತಿದ್ದರು.

ಈಗ ಕೆಲಸದ ವಿಷಯ. ಆ ಪತ್ರಿಕೆ ಇನ್ನೂ ನಡೆಯುತ್ತಿದೆ. ಬಕೆಟ್ಟಿನ ಕಥೆ ಸುಳ್ಳು, ಬಾರಿಸಿದವರು ಕುರಾಮೊಚಿ ಇಸಾವೊ ಎಂಬ ಡ್ರಮ್ ವಾದಕರು ಎಂದು ಅವರಿಗೆ ಬರೆದು ಕಳಿಸಿದೆ, ಅಚ್ಚಾಗಿದೆ. ಇದಕ್ಕೆ ನಿಮ್ಮ ಅಪ್ಪಣೆ ಕೇಳಲಿಲ್ಲ. ಸುಳ್ಳು ನನ್ನದು, ವಾಪಸು ತೆಗೆದುಕೊಳ್ಳುವ ಹಕ್ಕೂ ನನ್ನದೇ ಎಂದುಕೊಂಡೆ. ಕೆಲವರು ಬೇಸರಪಟ್ಟಿದ್ದಾರೆ. ‘ನಮ್ಮ ಬಾಲ್ಯದ ಬಕೆಟ್ಟನ್ನು ಕಿತ್ತುಕೊಂಡಿರಿ’ ಎಂದು ಒಬ್ಬರು ಬರೆದರು. ಹತ್ತು ವರ್ಷದಿಂದ ಪ್ರತಿ ಬೇಸಿಗೆ ನನ್ನನ್ನು ಭಾಷಣಕ್ಕೆ ಕರೆಯುತ್ತಿದ್ದವರು ಇನ್ನು ಬೇಡ ಎಂದಿದ್ದಾರೆ. ಇರಲಿ.

ಆದರೆ ಆ ಕ್ಯಾಸೆಟ್ಟು ನಿಮ್ಮದು. ನೀವು ಹೂಂ ಎಂದರೆ ಮುಕ್ಕಾಲು ಗಂಟೆಯ ಆ ಏಟುಗಳನ್ನು ಒಂದನ್ನೂ ಕತ್ತರಿಸದೆ, ನಿಮ್ಮ ಹೆಸರಿನಲ್ಲಿ, ಇಂಥ ಸಂಗೀತ ಕಟ್ಟುವ ಎಲ್ಲ ಹುಡುಗರ ಕೈಗೂ ಕೊಡುತ್ತೇನೆ ಎಂದು ಹೊನೊಕಾ ಹೇಳುತ್ತಾಳೆ. ಬೇಡ ಎಂದರೆ ಒಂದನ್ನೂ ಮುಟ್ಟುವುದಿಲ್ಲವಂತೆ. “ಅವರು ಒಪ್ಪದಿದ್ರೆ ಮತ್ತೆ ಟವೆಲ್ಲಿಗೆ ಹೋಗ್ತೀನಿ ಟೀಚರ್,” ಎಂದು ನಗುತ್ತಾಳೆ, ಆದರೆ ಅದು ನಗುವಲ್ಲ. ಕೊನೆಯ ಹನ್ನೊಂದು ನಿಮಿಷವನ್ನು ನೀವು ಒಪ್ಪಿದರೂ ಕೊಡುವುದಿಲ್ಲ ಎಂದು ನಾನೇ ಹೇಳಿದ್ದೇನೆ. ಅದು ನಮ್ಮ ಮೆಟ್ಟಿಲು.

ಕ್ಷಮಿಸಿ ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿದೆ. ಆ ಮಾತು ಇಷ್ಟು ಹೊತ್ತು ಬರೆದದ್ದರಲ್ಲೇ ಎಲ್ಲೋ ಇದೆ ಎಂದುಕೊಳ್ಳಿ. ಮಾಯಿಜುರುವಿನಲ್ಲಿ ಈಗ ಸಮುದ್ರದ ಗಾಳಿ ತಣ್ಣಗಾಗಿರಬೇಕು. ಬೆಚ್ಚಗಿರಿ.

ಎರಡು ಮೆಟ್ಟಿಲು ಓಡಿ ಒಂದರಲ್ಲಿ ನಿಂತುಬಿಟ್ಟ,
ನಿಮ್ಮ ಸುಮಿಯೆ

ಮರೆತ ಮಾತು: ಮರೆತಿರಲಿಲ್ಲ, ಮುಚ್ಚಿಟ್ಟಿದ್ದೆ. ನಿಮ್ಮ ವಿಳಾಸ ಕೇಳಲು ಅಂಗಡಿಗೆ ಫೋನ್ ಮಾಡಿದಾಗ ಅತ್ತಿಗೆ ಎಲ್ಲ ಹೇಳಿದರು. ಎರಡು ವರ್ಷದಿಂದ ನಿಮಗೆ ಕಿವಿ ಕೇಳಿಸುತ್ತಿಲ್ಲವಂತೆ, ಪಕ್ಕದಲ್ಲಿ ಪಾತ್ರೆ ಬಿದ್ದರೂ ತಿರುಗಿ ನೋಡುವುದಿಲ್ಲವಂತೆ. ಯಾರಿಗೂ ಹೇಳಬೇಡಿ ಎಂದು ನೀವು ಕಟ್ಟಪ್ಪಣೆ ಮಾಡಿದ್ದೀರಂತೆ. ಅದಕ್ಕೇ ಕ್ಯಾಸೆಟ್ಟು ಕಳಿಸಲಿಲ್ಲ, ಪತ್ರ ಬರೆದೆ. ಆ ಹನ್ನೊಂದು ನಿಮಿಷವನ್ನು ಒಂದು ತಿಂಗಳಿಂದ ಪಿಯಾನೊ ಮುಚ್ಚಳದ ಮೇಲೆ ಬೆರಳಲ್ಲಿ ಬಾರಿಸಿ ಬಾರಿಸಿ ಕಲಿತಿದ್ದೇನೆ. ಶನಿವಾರ ಮೊದಲ ರೈಲಿಗೆ ಬರುತ್ತೇನೆ. ಬರಬೇಡ ಎನ್ನುವುದಾದರೆ ಅತ್ತಿಗೆಯ ಕೈಲಿ ಹೇಳಿಸಿ. ಏನೂ ಹೇಳದಿದ್ದರೆ ಬೆನ್ನು ತಿರುಗಿಸಿ ಕೂತುಕೊಳ್ಳಿ. ನಿಮ್ಮ ಬೆನ್ನ ಮೇಲೆ ಬಾರಿಸುತ್ತೇನೆ, ತಪ್ಪಿದ ಕಡೆ ನಿಲ್ಲಿಸಿ ಬೈಯಿರಿ.